ನ್ಯೂಟ್ ಬೆನ್ನು ಬಾಗಿಸಿದ್ದು ನಿಮಗಾಗಿ ಅಲ್ಲ

ಪ್ರಶ್ನೆ: ಹವ್ಯಾಸಿಗಳಿಗಾಗಿ ನಡೆಯುವ ನ್ಯೂಟ್ ಮತ್ತು ಸಲಮಾಂಡರ್ (ಹಲ್ಲಿಯಂತೆ ಕಾಣುವ, ಬಾಲವಿರುವ ಉಭಯವಾಸಿಗಳು) ಛಾಯಾಚಿತ್ರ ಸ್ಪರ್ಧೆಗೆ ಕಳೆದ ವರ್ಷ ಒಂದು ಚಿತ್ರ ಕಳುಹಿಸಿದ್ದೆ. ನಾನು ಸಾಕಿರುವ ಜಪಾನಿನ ಬೆಂಕಿಹೊಟ್ಟೆ ನ್ಯೂಟ್ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ತಲೆ ಮತ್ತು ಬಾಲವನ್ನು ಮೇಲೆತ್ತಿ, ಕೆಂಪು ಹೊಟ್ಟೆ ತೋರಿಸುತ್ತಿದ್ದ ಚಿತ್ರ ಅದು. ನಾನು ಈವರೆಗೆ ತೆಗೆದದ್ದರಲ್ಲಿ ಅದೇ ಅತ್ಯುತ್ತಮ ಎಂದುಕೊಂಡಿದ್ದೆ. ಮೊದಲ ಸುತ್ತಿನಲ್ಲೇ ತಿರಸ್ಕೃತವಾಯಿತು. ತೀರ್ಪುಗಾರರ ಟಿಪ್ಪಣಿ ಎರಡೇ ಪದ: ‘ಪ್ರಾಣಿ ಹೆದರಿದೆ’. ಇದರ ಅರ್ಥವೇನು? ಈ ವರ್ಷ ಸಾಕಿದ ಪ್ರಾಣಿಗಳ ವಿಭಾಗ, ಕಾಡಿನ ವಿಭಾಗ ಎರಡಕ್ಕೂ ಚಿತ್ರ ಕಳುಹಿಸುವ ಆಸೆಯಿದೆ. ನನ್ನ ಬಳಿ ಸಾಧಾರಣ ಕ್ಯಾಮೆರಾ, 100 ಮಿ.ಮೀ. ಮ್ಯಾಕ್ರೋ ಲೆನ್ಸ್ ಮತ್ತು ಒಂದು ಫ್ಲ್ಯಾಶ್ ಇವೆ. ನನ್ನ ಚಿತ್ರಗಳಲ್ಲಿ ಪ್ರಾಣಿ ರಬ್ಬರ್ ಗೊಂಬೆಯಂತೆ ಹೊಳೆಯುತ್ತದೆ, ಅದಕ್ಕೇನು ಮಾಡಲಿ? ಆ ಹಳೆಯ ಚಿತ್ರವನ್ನು ಅಳಿಸಿಬಿಡಲೇ?

ಉತ್ತರ: ನಿಮ್ಮ ತೀರ್ಪುಗಾರರು ಮಾತಿನಲ್ಲಿ ಜಿಪುಣತನ ತೋರಿದ್ದಾರೆ, ಆದರೆ ಹೇಳಿದ್ದು ನಿಜ. ನೀವು ಸೆರೆಹಿಡಿದ ಭಂಗಿಗೆ ಉಭಯವಾಸಿಗಳನ್ನು ಅಭ್ಯಾಸ ಮಾಡುವವರು ‘ಉಂಕೆನ್ ರಿಫ್ಲೆಕ್ಸ್’ ಎನ್ನುತ್ತಾರೆ. ಉಂಕೆ ಎಂಬುದು ಹೊಟ್ಟೆಯಡಿ ಕೆಂಪು, ಹಳದಿ ಬಣ್ಣವಿರುವ ಒಂದು ಜಾತಿಯ ಕಪ್ಪೆಗೆ ಜರ್ಮನ್ ಭಾಷೆಯಲ್ಲಿರುವ ಹೆಸರು. ಬೇಟೆಗಾರ ಪ್ರಾಣಿ ಮೈಮೇಲೆ ಬಂದಾಗ ಆ ಕಪ್ಪೆ ಬೆನ್ನು ಬಾಗಿಸಿ ಹೊಟ್ಟೆಯ ಬಣ್ಣ ತೋರಿಸುತ್ತದೆ. ಹಲವು ನ್ಯೂಟ್‌ಗಳೂ ಹಾಗೆಯೇ ಮಾಡುತ್ತವೆ. ಬೆನ್ನಿನ ಕಪ್ಪು ಅಡಗಿಕೊಳ್ಳುವುದಕ್ಕೆ, ಹೊಟ್ಟೆಯ ಕೆಂಪು ಎಚ್ಚರಿಸುವುದಕ್ಕೆ. ‘ನನ್ನಲ್ಲಿ ವಿಷವಿದೆ, ಬಾಯಿ ಹಾಕಬೇಡ’ ಎಂಬ ಕೊನೆಯ ನೋಟಿಸು ಅದು. ಅದು ಬರಿಯ ಬೆದರಿಕೆಯೂ ಅಲ್ಲ. ಕಾಡಿನಲ್ಲಿರುವ ಜಪಾನಿನ ಬೆಂಕಿಹೊಟ್ಟೆ ನ್ಯೂಟ್ ಮತ್ತು ಉತ್ತರ ಅಮೆರಿಕದ ಒರಟು ಚರ್ಮದ ನ್ಯೂಟ್ ಮೈಯಲ್ಲಿ ಟೆಟ್ರೋಡೊಟಾಕ್ಸಿನ್ ಇರುತ್ತದೆ, ಪಫರ್ ಮೀನಿನಲ್ಲಿರುವ ಅದೇ ವಿಷ.

ಅಂದರೆ ನೀವು ‘ಪೋಸು ಕೊಟ್ಟಿದೆ’ ಎಂದುಕೊಂಡ ಆ ಗಳಿಗೆಯಲ್ಲಿ ನ್ಯೂಟ್ ತನ್ನನ್ನು ಯಾರೋ ತಿನ್ನಲಿದ್ದಾರೆ ಎಂದುಕೊಂಡಿತ್ತು. ಆ ಯಾರೋ ನೀವೇ. ನೀರಿನಿಂದ ಎತ್ತಿ, ಬಹುಶಃ ಮೇಜಿನ ಮೇಲಿನ ಬಿಳಿ ಹಾಳೆಯ ಮೇಲೆ ಇಟ್ಟು, ಮೂತಿಯ ಹತ್ತಿರ ಲೆನ್ಸ್ ತಂದಿರಬೇಕು. ಇದನ್ನು ನಿಮ್ಮನ್ನು ಹಂಗಿಸಲು ಹೇಳುತ್ತಿಲ್ಲ. ಈ ಭಂಗಿಯ ಚಿತ್ರಗಳು ನನ್ನ ಮೇಜಿಗೆ ಪ್ರತಿ ಸಲವೂ ಬರುತ್ತವೆ, ಕಳುಹಿಸಿದವರಲ್ಲಿ ಹೆಚ್ಚಿನವರು ಪ್ರಾಣಿಯನ್ನು ಪ್ರೀತಿಸುವವರೇ ಆಗಿರುತ್ತಾರೆ. ಆದರೆ ಒಂದು ಮಾತು ಮನಸ್ಸಿಗೆ ತಂದುಕೊಳ್ಳಿ: ಉಭಯವಾಸಿಯ ಚಿತ್ರದಲ್ಲಿ ಆ ಚಿತ್ರವನ್ನು ಹೇಗೆ ತೆಗೆದರು ಎಂಬ ಸಾಕ್ಷಿಯೂ ಸೇರಿಯೇ ಇರುತ್ತದೆ. ಹಕ್ಕಿಯಾದರೆ ಹಾರಿಹೋಗುತ್ತದೆ, ಜಿಂಕೆಯಾದರೆ ಓಡಿಹೋಗುತ್ತದೆ. ನ್ಯೂಟ್ ಇದ್ದಲ್ಲೇ ಇದ್ದು ಮೈಯಲ್ಲೇ ದೂರು ಬರೆಯುತ್ತದೆ. ಆ ಬರಹ ಓದಲು ಬರುವವರ ಮುಂದೆ ನಿಮ್ಮ ಲೆನ್ಸಿನ ಗುಣಮಟ್ಟ ಎರಡನೆಯ ಮಾತು.

ಆ ಬರಹದ ಇನ್ನಷ್ಟು ಅಕ್ಷರಗಳನ್ನು ಹೇಳುತ್ತೇನೆ, ನಿಮ್ಮ ಹಳೆಯ ಚಿತ್ರಗಳನ್ನು ನೀವೇ ತೂಗಿ ನೋಡಬಹುದು. ಯುರೋಪಿನ ಬೆಂಕಿ ಸಲಮಾಂಡರ್‌ನ ಕಣ್ಣಿನ ಹಿಂದೆ ಉಬ್ಬಿದ ವಿಷಗ್ರಂಥಿಗಳಿವೆ. ಅಲ್ಲಿ ಹಾಲಿನಂತಹ ಹನಿ ಕಂಡರೆ ಪ್ರಾಣಿಯನ್ನು ಚೆನ್ನಾಗಿಯೇ ಪೀಡಿಸಲಾಗಿದೆ ಎಂದರ್ಥ. ಅಮೆರಿಕದ ಎನ್ಸಟಿನಾ ಸಲಮಾಂಡರ್ ನಾಲ್ಕು ಕಾಲನ್ನೂ ಕೋಲಿನಂತೆ ನೆಟ್ಟಗೆ ಮಾಡಿ, ಬಾಲ ಎತ್ತಿ ನಿಂತಿದ್ದರೆ ಅದೂ ರಕ್ಷಣೆಯ ಭಂಗಿಯೇ. ನೋಡುವುದಕ್ಕೆ ಮಾತ್ರ ನರ್ತಕಿಯಂತೆ ಸೊಗಸು. ಬಾಲ ಈಗಷ್ಟೇ ಕಡಿದುಹೋದ ಸಲಮಾಂಡರ್ ಇದ್ದರೆ, ಹಿಡಿದವರು ಬಾಲ ಹಿಡಿದಿರಬಹುದೇ ಎಂಬ ಅನುಮಾನ ಸಹಜ. ಕೆಲವು ಜಾತಿಗಳು ಹಲ್ಲಿಯಂತೆಯೇ ಬಾಲ ಕಳಚಿ ಪಾರಾಗುತ್ತವೆ. ಮೈಗೆ ಮಣ್ಣಿನ ಹರಳು, ಒಣ ಎಲೆಚೂರು ಅಂಟಿಕೊಂಡಿದ್ದರೆ ಚರ್ಮದ ಲೋಳೆ ಆರುತ್ತಿದೆ. ನೀರಿನಲ್ಲೇ ಬದುಕುವ ಸಲಮಾಂಡರ್ ಆದ ಆಕ್ಸೊಲಾಟಲ್‌ನ ಕಿವಿರುಗಳು ಮೂತಿಯ ಕಡೆಗೆ ಬಾಗಿ, ಬಾಲದ ತುದಿ ಕೊಕ್ಕೆಯಂತೆ ಸುರುಳಿಯಾಗಿದ್ದರೆ ಅದು ನೆಮ್ಮದಿಯಿಂದಿಲ್ಲ ಎಂದು ಅದನ್ನು ಸಾಕುವವರೇ ಹೇಳುತ್ತಾರೆ. ಕಣ್ಣು ಗುಳಿಬಿದ್ದಿರುವುದೊಂದನ್ನು ಮಾತ್ರ ಅವಸರದಲ್ಲಿ ತೀರ್ಮಾನಿಸಬಾರದು. ಸಲಮಾಂಡರ್‌ಗಳು ತುತ್ತು ನುಂಗುವಾಗಲೂ ಕಣ್ಣುಗುಡ್ಡೆಗಳನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಬಾಯಿಯಿಂದ ಎರೆಹುಳುವಿನ ತುದಿ ಜೋತಾಡುತ್ತಿದ್ದರೆ ತಕರಾರಿಲ್ಲ.

ಹೆದರಿಕೆಯ ಚಿತ್ರವೆಲ್ಲ ತ್ಯಾಜ್ಯವೇ ಎಂದು ನೀವು ಕೇಳಬಹುದು. ಅಲ್ಲ. ಗಾರ್ಟರ್ ಹಾವೊಂದು ಎದುರಾದಾಗ ಒರಟು ಚರ್ಮದ ನ್ಯೂಟ್ ಬೆನ್ನು ಬಾಗಿಸಿದ್ದನ್ನು ನೀವು ದೂರದಿಂದ ಸೆರೆಹಿಡಿದರೆ ಅದು ಚಿನ್ನದಂತಹ ಚಿತ್ರ. ಆ ವಿಷವನ್ನು ಜೀರ್ಣಿಸಿಕೊಳ್ಳುವಂತೆ ವಿಕಾಸಗೊಂಡ ಗಾರ್ಟರ್ ಹಾವುಗಳೂ ಇವೆ, ಹಾಗಾಗಿ ಆ ಜಗಳದ ಕೊನೆ ಹೀಗೇ ಎಂದು ಹೇಳಲಾಗದು. ಹೆದರಿಸಿದ್ದು ಯಾರು ಎಂಬುದೇ ಪ್ರಶ್ನೆ. ಶೀರ್ಷಿಕೆಯ ಕೆಳಗೆ ನೀವು ಬರೆಯುವ ಎರಡು ಸಾಲಿನಲ್ಲಿ ಅದಕ್ಕೆ ಪ್ರಾಮಾಣಿಕ ಉತ್ತರ ಇರಬೇಕು. ಇಲ್ಲೊಂದು ಸ್ವಾರಸ್ಯ ಹೇಳಿಬಿಡುತ್ತೇನೆ: ಒರಟು ಚರ್ಮದ ನ್ಯೂಟ್ ಹೀಗೆ ಬಾಗಿದಾಗ ಬಾಲದ ತುದಿಯನ್ನು ಸುರುಳಿ ಸುತ್ತುತ್ತದೆ, ಅದರ ದಾಯಾದಿ ಕ್ಯಾಲಿಫೋರ್ನಿಯಾ ನ್ಯೂಟ್ ಬಾಲವನ್ನು ನೇರವಾಗಿಯೇ ಹಿಡಿಯುತ್ತದೆ. ನೋಡಲು ಒಂದೇ ತೆರನಾದ ಈ ಎರಡನ್ನು ಹೆದರಿಕೆಯ ಶೈಲಿಯಿಂದಲೂ ಬೇರ್ಪಡಿಸಬಹುದು.

ಸಹಿಸಲಾಗದ್ದು ಸಜ್ಜುಮಾಡಿದ ಚಿತ್ರ. ಕೆಂಪು ಅಣಬೆಯ ನೆತ್ತಿಯ ಮೇಲೆ ನಾಲ್ಕೂ ಪಾದ ಒಪ್ಪವಾಗಿ ಜೋಡಿಸಿಕೊಂಡು ಕುಳಿತ ಸಲಮಾಂಡರ್; ನಡುಹಗಲಿನ ಬಿಸಿಲಿನಲ್ಲಿ ಬೋಳುಬಂಡೆಯ ಮೇಲೆ ಮಲಗಿದ ಸಲಮಾಂಡರ್. ಚರ್ಮದ ಮೂಲಕ ಉಸಿರಾಡುವ, ಇರುಳಲ್ಲಿ ಎಲೆಗೊಬ್ಬರದಡಿ ತೆವಳುವ ಪ್ರಾಣಿ ಅಲ್ಲಿಗೇಕೆ ಹೋಗುತ್ತದೆ? ಸಲಮಾಂಡರ್‌ಗಳಲ್ಲಿ ಮೂರನೇ ಎರಡರಷ್ಟು ಜಾತಿಗಳಿಗೆ ಶ್ವಾಸಕೋಶವೇ ಇಲ್ಲ. ಅವುಗಳಿಗೆ ಮೈ ಒದ್ದೆಯಾಗಿದ್ದರೆ ಮಾತ್ರ ಉಸಿರು. ಪ್ರಾಣಿ ಅಲುಗಾಡದಿರಲಿ ಎಂದು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಚಿತ್ರ ತೆಗೆಯುವವರೂ ಇದ್ದಾರೆ. ಅಂತಹ ಚಿತ್ರದಲ್ಲಿ ಪ್ರಾಣಿ ಪಾದದ ಮೇಲೆ ಭಾರ ಹಾಕಿರುವುದಿಲ್ಲ, ಹೊಟ್ಟೆಯ ಮೇಲೆ ಚೀಲದಂತೆ ಬಿದ್ದಿರುತ್ತದೆ. ಒಮ್ಮೆ ನೋಡಿದವರಿಗೆ ಮರೆಯುವುದಿಲ್ಲ. 2017ರ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲಿ ಬಹುಮಾನ ಪಡೆದ ಇರುವೆಭಕ್ಷಕದ ಚಿತ್ರವೊಂದನ್ನು, ಅದರಲ್ಲಿರುವುದು ತುಂಬಿಟ್ಟ ಮೃತ ಪ್ರಾಣಿ ಎಂಬ ತೀರ್ಮಾನಕ್ಕೆ ಬಂದು 2018ರಲ್ಲಿ ಅನರ್ಹಗೊಳಿಸಿದರು. ದೊಡ್ಡ ಸ್ಪರ್ಧೆಗಳ ಆ ಎಚ್ಚರ ಈಗ ಸಣ್ಣ ಸ್ಪರ್ಧೆಗಳಿಗೂ ಇಳಿದಿದೆ, ಅದು ಒಳ್ಳೆಯದೇ.

ಸಾಕಿದ ಪ್ರಾಣಿಗಳ ವಿಭಾಗವನ್ನು ನೀವು ಸುಲಭದ್ದೆಂದು ತಿಳಿಯಬೇಡಿ. ಕುಶಲತೆಗೆ ನಿಜವಾದ ಕೆಲಸ ಇರುವುದು ಅಲ್ಲೇ. ನ್ಯೂಟ್ ತೊಟ್ಟಿಯಲ್ಲೇ ಇರಲಿ, ಚಿತ್ರಕ್ಕಾಗಿ ಹೊರಗೆ ತೆಗೆಯುವುದೇ ಬೇಡ. ಫಿಲ್ಟರನ್ನು ಅರ್ಧ ಗಂಟೆ ಮೊದಲು ನಿಲ್ಲಿಸಿ, ನೀರಿನಲ್ಲಿ ತೇಲುವ ಕಸ ತಳಕ್ಕೆ ಕೂರಲಿ. ಗಾಜಿನ ಹೊರಮೈಯನ್ನೂ ಒಳಮೈಯನ್ನೂ ಒರೆಸಿ. ಲೆನ್ಸನ್ನು ಗಾಜಿಗೆ ಲಂಬವಾಗಿ ಹಿಡಿಯಿರಿ, ಸಾಧ್ಯವಾದರೆ ರಬ್ಬರ್ ಹುಡ್ ಗಾಜಿಗೆ ತಾಗಿರಲಿ. ಓರೆಯಾಗಿ ನೋಡಿದಷ್ಟೂ ನೀರು ಮತ್ತು ಗಾಜು ಬೆಳಕನ್ನು ಬಾಗಿಸಿ ಅಂಚುಗಳಲ್ಲಿ ಬಣ್ಣದ ಗೆರೆ ಮೂಡಿಸುತ್ತವೆ, ಚಿತ್ರ ಮಸುಕಾಗುತ್ತದೆ. ಎಷ್ಟೋ ಜನ ಲೆನ್ಸಿಗೆ ದೂರು ಹೇಳುವ ತಪ್ಪು ನಿಜವಾಗಿ ಈ ಓರೆಯದು. ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ ತೊಟ್ಟಿಯ ಮೇಲ್ಗಡೆ ಹಿಡಿಯಿರಿ. ಕೆರೆಗೆ ಬೆಳಕು ಬರುವುದು ಮೇಲಿನಿಂದಲೇ. ಮುಂದಿನಿಂದ ಬಂದ ಬೆಳಕು ಗಾಜಿನಲ್ಲಿ ನಿಮ್ಮನ್ನೇ ತೋರಿಸುತ್ತದೆ.

ಈಗ ರಬ್ಬರ್ ಗೊಂಬೆಯ ವಿಷಯ. ಒದ್ದೆ ಚರ್ಮ ಒಂದು ಕನ್ನಡಿ. ಅದರಲ್ಲಿ ಹೊಳೆಯುವುದು ನಿಮ್ಮ ದೀಪದ ಪ್ರತಿಬಿಂಬ. ಪುಟ್ಟ ಫ್ಲ್ಯಾಶ್ ಇದ್ದರೆ ಪುಟ್ಟದಾದ, ಚುಚ್ಚುವ ಬಿಳಿ ಚುಕ್ಕಿಗಳು ಮೈತುಂಬ ಬೀಳುತ್ತವೆ. ದೀಪ ದೊಡ್ಡದಾದರೆ ಅದೇ ಹೊಳಪು ಹರಡಿಕೊಂಡು ಮೃದುವಾಗುತ್ತದೆ. ಆದ್ದರಿಂದ ಫ್ಲ್ಯಾಶ್ ಮತ್ತು ನ್ಯೂಟ್ ನಡುವೆ ಟ್ರೇಸಿಂಗ್ ಹಾಳೆಯನ್ನೋ ಬಿಳಿಯ ತೆಳು ಪ್ಲಾಸ್ಟಿಕ್ ಹಾಳೆಯನ್ನೋ ಕಟ್ಟಿ ಬೆಳಕನ್ನು ಅದರ ಮೂಲಕ ಹಾಯಿಸಿ. ಹಾಳೆ ನ್ಯೂಟ್‌ಗಿಂತ ಎರಡು ಮೂರು ಪಟ್ಟು ದೊಡ್ಡದಾಗಿರಲಿ, ಅದಕ್ಕೆ ಆದಷ್ಟು ಹತ್ತಿರವಿರಲಿ. ಫ್ಲ್ಯಾಶಿನ ಮುಂದೆ ಒಂದು, ಲೆನ್ಸಿನ ಮುಂದೆ ಒಂದು ಪೋಲರೈಸರ್ (ಪ್ರತಿಫಲಿತ ಬೆಳಕನ್ನು ತಡೆಯುವ ಫಿಲ್ಟರ್) ಅಡ್ಡಡ್ಡ ಇಟ್ಟು ಹೊಳಪನ್ನು ಪೂರ್ತಿ ಅಳಿಸುವ ಉಪಾಯವೂ ಇದೆ. ಚರ್ಮದ ಚುಕ್ಕಿಗಳನ್ನು ದಾಖಲಿಸುವುದಕ್ಕೆ ಅದು ಒಳ್ಳೆಯದು, ಸ್ಪರ್ಧೆಯ ಚಿತ್ರಕ್ಕೆ ನನಗೆ ಇಷ್ಟವಿಲ್ಲ. ಹೊಳಪೇ ಇಲ್ಲದ ನ್ಯೂಟ್ ಒಣಗಿದಂತೆ ಕಾಣುತ್ತದೆ. ಬೆನ್ನಿನ ಏಣಿನ ಮೇಲೆ ತೆಳ್ಳಗಿನ ಒಂದು ಬೆಳಕಿನ ಪಟ್ಟಿ, ಕಣ್ಣಲ್ಲಿ ಒಂದು ಚುಕ್ಕಿ ಉಳಿದರೆ ಸಾಕು, ಅದು ಒದ್ದೆಯಾದ ಜೀವಿಯೆಂದು ನೋಡುವವರಿಗೆ ಗೊತ್ತಾಗುತ್ತದೆ.

ಫೋಕಸ್ ಕುರಿತು ಒಂದು ಲೆಕ್ಕ. ಪೂರ್ಣ ಫ್ರೇಮ್ ಸೆನ್ಸರಿನಲ್ಲಿ ಒಂದಕ್ಕೊಂದು ಅಳತೆಗೆ (ಪ್ರಾಣಿಯ ಬಿಂಬ ಅದರ ನಿಜ ಗಾತ್ರದಲ್ಲೇ ಸೆನ್ಸರಿನ ಮೇಲೆ ಬೀಳುವಷ್ಟು ಹತ್ತಿರದಲ್ಲಿ), ಎಫ್ 11 ಅಪರ್ಚರಿನಲ್ಲಿ, ಅಂದರೆ ಲೆನ್ಸಿನ ಕಿಂಡಿಯ ಅಳತೆಯಲ್ಲಿ, ಸ್ಪಷ್ಟವಾಗಿ ಕಾಣುವ ಆಳ ಸುಮಾರು 1.3 ಮಿ.ಮೀ. ಮಾತ್ರ. ಕಣ್ಣು ಸಿಕ್ಕರೆ ಮೂಗು ಸಿಗುವುದಿಲ್ಲ. ಅರ್ಧ ಅಳತೆಗೆ ಹಿಂದೆ ಸರಿದರೆ ಅದು 4 ಮಿ.ಮೀ. ಹತ್ತಿರಕ್ಕೆ ಬರುತ್ತದೆ. ಎಫ್ 22ಕ್ಕೆ ಮುಚ್ಚಿದರೆ ಆಳ ಹೆಚ್ಚುತ್ತದಲ್ಲ ಎನ್ನುತ್ತೀರಿ. ಅಷ್ಟು ಹತ್ತಿರದಲ್ಲಿ ಅದು ಎಫ್ 44ರಂತೆ ವರ್ತಿಸುತ್ತದೆ, ಬೆಳಕು ಕಿಂಡಿಯ ಅಂಚಿನಲ್ಲಿ ಹರಡಿ ಇಡೀ ಚಿತ್ರವೇ ಮೆದುವಾಗುತ್ತದೆ. ಹಾಗಾಗಿ ಹಿಂದೆ ಸರಿಯಿರಿ, ನ್ಯೂಟ್‌ನ ಕಣ್ಣಿನ ಎತ್ತರಕ್ಕೆ ಇಳಿಯಿರಿ, ಮೈ ಸೆನ್ಸರಿಗೆ ಸಮಾನಾಂತರವಾಗಿ ಬರುವ ಗಳಿಗೆಗೆ ಕಾಯಿರಿ. ಹತ್ತು ಚಿತ್ರ ಜೋಡಿಸಿ ಆಳ ಹೆಚ್ಚಿಸುವ ಸ್ಟ್ಯಾಕಿಂಗ್ ವಿದ್ಯೆ ಸ್ತಬ್ಧ ಕೀಟಗಳಿಗೆ ಸರಿ. ಗಂಟಲು ಸದಾ ಮಿಡಿಯುವ ಸಲಮಾಂಡರ್‌ಗೆ ಅದು ಒಗ್ಗುವುದಿಲ್ಲ.

ಕಪ್ಪು ಮೈಯ ಮೇಲೆ ಹಳದಿ ಅಥವಾ ಕೆಂಪು ಇರುವ ಪ್ರಾಣಿಗಳಲ್ಲಿ ಕ್ಯಾಮೆರಾದ ಮೀಟರ್ ಕಪ್ಪನ್ನು ನಂಬಿ ಮೋಸಹೋಗುತ್ತದೆ. ಹಳದಿ ಸುಟ್ಟುಹೋಗಿ ಬಣ್ಣದ ಕಾಗದ ಅಂಟಿಸಿದಂತೆ ಕಾಣುತ್ತದೆ. ಮುಕ್ಕಾಲು ಸ್ಟಾಪ್ ಕಡಿಮೆ ಬೆಳಕಿಗೆ ಇಳಿಸಿ, ಹಿಸ್ಟೋಗ್ರಾಮಿನಲ್ಲಿ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಕೆಂಪು ಚಾನಲನ್ನು ಬೇರೆಯಾಗಿ ನೋಡಿ. ರಾ ಫೈಲ್ (ಕ್ಯಾಮೆರಾದ ತಿದ್ದದ ಮೂಲ ದಾಖಲೆ) ಇಟ್ಟುಕೊಂಡಿರಿ, ಕೊನೆಯ ಸುತ್ತಿನಲ್ಲಿ ಕೇಳುತ್ತಾರೆ. ಬಣ್ಣದ ಗಾಢತೆಯನ್ನು ಹೆಚ್ಚಿಸುವ ಸ್ಲೈಡರನ್ನು ಮುಟ್ಟದಿರುವುದೇ ಕ್ಷೇಮ. ಈ ಪ್ರಾಣಿಗಳ ನಿಜವಾದ ಬಣ್ಣವೇ ನಂಬಲು ಕಷ್ಟವಾಗುವಂಥದ್ದು.

ಫ್ಲ್ಯಾಶಿಗೂ ಮಿತಿ ಇರಲಿ. ರೂಪಾಂತರ ಮುಗಿಸಿದ ನಿಮ್ಮ ನ್ಯೂಟ್‌ಗೆ ಕಣ್ಣುರೆಪ್ಪೆ ಇದೆ, ಜೀವನವಿಡೀ ಮರಿರೂಪದಲ್ಲೇ ಉಳಿಯುವ ಆಕ್ಸೊಲಾಟಲ್‌ಗೆ ಇಲ್ಲ. ಅದನ್ನು ಸೌಮ್ಯವಾದ ಸ್ಥಿರ ಬೆಳಕಿನಲ್ಲಿ ತೆಗೆಯಿರಿ. ನೀರು ಬಿಸಿಯಾಗುವಂಥ ದೀಪವಂತೂ ಬೇಡವೇ ಬೇಡ, ಅದು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಣ್ಣೀರಿನ ಪ್ರಾಣಿ. ಕತ್ತಲಲ್ಲೇ ಬದುಕುವ ಗುಹಾವಾಸಿ ಸಲಮಾಂಡರ್ ಓಲ್ಮ್‌ನ ಉದಾಹರಣೆ ನನಗೆ ಬಹಳ ಇಷ್ಟ. ಸ್ಲೊವೇನಿಯಾದ ಪೊಸ್ಟೊಯ್ನಾ ಗುಹೆಯಲ್ಲಿ 2016ರಲ್ಲಿ ಓಲ್ಮ್ ಮೊಟ್ಟೆಯಿಟ್ಟು ಮರಿಗಳು ಹೊರಬಂದಾಗ ಅಲ್ಲಿಯವರು ತೊಟ್ಟಿಯನ್ನು ಬೆಳಕಿನಿಂದ ಮರೆಮಾಡಿ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಎಲ್ಲವನ್ನೂ ನೋಡಿದರು. ಮಸುಕಾದ, ಬಣ್ಣವಿಲ್ಲದ ಆ ದೃಶ್ಯಗಳನ್ನು ಜಗತ್ತೇ ಕಣ್ಣರಳಿಸಿ ನೋಡಿತು.

ಕಾಡಿನ ವಿಭಾಗಕ್ಕೆ ಬಂದರೆ ಕ್ಯಾಮೆರಾಗಿಂತ ಮೊದಲು ಬೂಟಿನ ಮಾತು. 2013ರಲ್ಲಿ ವಿಜ್ಞಾನಿಗಳು ಬೀಸಾಲ್ ಎಂಬ ಶಿಲೀಂಧ್ರವನ್ನು ವಿವರಿಸಿದರು. ಅದರ ಪೂರ್ಣ ವೈಜ್ಞಾನಿಕ ಹೆಸರಿನ ಎರಡನೆಯ ಪದದ ಅರ್ಥವೇ ‘ಸಲಮಾಂಡರ್ ತಿನ್ನುವುದು’. ಏಷ್ಯಾದಿಂದ ಸಾಕುಪ್ರಾಣಿಗಳ ವ್ಯಾಪಾರದ ಮೂಲಕ ಯುರೋಪಿಗೆ ಬಂದಿತೆಂದು ನಂಬಲಾದ ಈ ರೋಗ, ನೆದರ್ಲೆಂಡ್ಸ್‌ನ ಒಂದು ಕಾಡಿನ ಬೆಂಕಿ ಸಲಮಾಂಡರ್‌ಗಳನ್ನು ಕೆಲವೇ ವರ್ಷಗಳಲ್ಲಿ ನೂರಕ್ಕೆ ನಾಲ್ಕರ ಮಟ್ಟಕ್ಕೆ ಇಳಿಸಿಬಿಟ್ಟಿತು. ಚರ್ಮದಲ್ಲಿ ಹುಣ್ಣು ತೋಡುತ್ತದೆ, ಚರ್ಮದಲ್ಲೇ ಉಸಿರಾಡುವ ಪ್ರಾಣಿಗೆ ಅದೇ ಮರಣ. ಕೆಸರು, ಒದ್ದೆ ಬೂಟು, ಬಲೆ, ಟ್ರೈಪಾಡಿನ ಕಾಲು ಇವುಗಳ ಮೂಲಕ ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗಬಲ್ಲದು. ಒಂದು ನೀರಿನ ತಾಣದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕೆಸರು ಉಜ್ಜಿ ತೊಳೆದು, ಸೋಂಕುನಿವಾರಕ ಬಳಸಿ, ಪೂರ್ತಿ ಒಣಗಿಸಬೇಕು. ಸಾಕಿದ ನ್ಯೂಟ್ ಇರುವ ನಿಮ್ಮಂಥವರಿಗೆ ಇದು ಇನ್ನೂ ಕಟ್ಟುನಿಟ್ಟು: ತೊಟ್ಟಿಯ ನೀರನ್ನು, ಗಿಡಗಳನ್ನು ಹೊರಗಿನ ಕೆರೆಗೆ ಸುರಿಯಬೇಡಿ, ತೊಟ್ಟಿಗೆ ಬಳಸಿದ ಸಲಕರಣೆಯನ್ನು ಹಾಗೆಯೇ ಕಾಡಿಗೆ ಒಯ್ಯಬೇಡಿ.

ಕಾಡಿನಲ್ಲಿ ಮುಟ್ಟದೆ ಮುಗಿಸುವುದನ್ನು ಅಭ್ಯಾಸ ಮಾಡಿ. ಅಂಗೈಗೆ ಹಚ್ಚಿದ ಸೊಳ್ಳೆ ನಿವಾರಕ, ಸನ್‌ಸ್ಕ್ರೀನ್, ಬೆವರಿನ ಉಪ್ಪು ಎಲ್ಲವೂ ಆ ಚರ್ಮದೊಳಕ್ಕೆ ಇಳಿಯುತ್ತವೆ. ಮರದ ದಿಮ್ಮಿ, ಕಲ್ಲು ಎತ್ತುವ ಚಟ ಇರುವವರಿಗೆ ನನ್ನ ಮನವಿ, ಆದಷ್ಟು ಬಿಟ್ಟುಬಿಡಿ. ದಿಮ್ಮಿಯಡಿಯ ತೇವ ಒಂದು ಋತುವಿನಲ್ಲಿ ಕೂಡಿದ್ದು, ಒಂದು ನಿಮಿಷದಲ್ಲಿ ಹಾರಿಹೋಗುತ್ತದೆ. ಅಮೆರಿಕದ ಹೆಲ್‌ಬೆಂಡರ್ ಎಂಬ ದೊಡ್ಡ ಸಲಮಾಂಡರ್‌ನ ಗಂಡು, ಹೊಳೆಯ ಚಪ್ಪಟೆ ಬಂಡೆಯಡಿ ಮೊಟ್ಟೆ ಕಾಯುತ್ತ ಕೂತಿರುತ್ತದೆ. ಬಂಡೆ ಎತ್ತಿದರೆ ಮನೆಯೇ ಹೋಯಿತು. ದಿಮ್ಮಿ ಎತ್ತಲೇಬೇಕಾದ ಸಮೀಕ್ಷೆಯಲ್ಲಿ ಪಾಲ್ಗೊಂಡರೆ, ಮೊದಲು ದಿಮ್ಮಿಯನ್ನು ಇದ್ದಂತೆಯೇ ಇಟ್ಟು, ಆಮೇಲೆ ಪ್ರಾಣಿಯನ್ನು ಅದರ ಪಕ್ಕಕ್ಕೆ ಬಿಡುತ್ತಾರೆ. ಅದು ತಾನೇ ಒಳಗೆ ನುಸುಳಿಕೊಳ್ಳುತ್ತದೆ. ಪ್ರಾಣಿಯ ಮೇಲೆಯೇ ದಿಮ್ಮಿ ಇಟ್ಟರೆ ಅದು ಜಜ್ಜಿಹೋಗುವ ಭಯ. ಕಾನೂನನ್ನೂ ಓದಿಕೊಂಡು ಹೊರಡಿ. ಬ್ರಿಟನ್ನಿನಲ್ಲಿ ಗ್ರೇಟ್ ಕ್ರೆಸ್ಟೆಡ್ ನ್ಯೂಟ್‌ಗೆ 1981ರ ಕಾಯಿದೆಯ ರಕ್ಷಣೆಯಿದೆ, ಹಿಡಿಯುವುದಕ್ಕೆ ಮಾತ್ರವಲ್ಲ, ಅದರ ಆಸರೆಯ ಜಾಗದಲ್ಲಿ ತೊಂದರೆ ಕೊಡುವುದಕ್ಕೂ ಪರವಾನಗಿ ಬೇಕು.

ಇಷ್ಟೆಲ್ಲ ಬೇಡಗಳ ನಡುವೆ ತೆಗೆಯುವುದೇನನ್ನು? ಮಳೆ ನಿಮ್ಮ ಗೆಳೆಯ. ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ ಚಳಿಗಾಲ ಸರಿದು ಮೊದಲ ಬೆಚ್ಚನೆಯ ಮಳೆ ಬಿದ್ದ ಇರುಳು, ಹಳದಿ ಚುಕ್ಕಿಯ ಸಲಮಾಂಡರ್‌ಗಳು ನೆಲದೊಳಗಿನಿಂದ ಎದ್ದು ಹೊಂಡಗಳ ಕಡೆ ಸಾಲುಗಟ್ಟುತ್ತವೆ. ಆ ರಾತ್ರಿ ಹುಡುಕುವ ಮಾತೇ ಇಲ್ಲ, ತುಳಿಯದೆ ನಡೆಯುವುದೇ ಕಷ್ಟ. ಅದೇ ಸೀಮೆಯ ಪೂರ್ವದ ನ್ಯೂಟ್ ಮೊದಲು ನೀರಿನ ಮರಿ, ಆಮೇಲೆ ಕೆಲವು ವರ್ಷ ಕಾಡಿನಲ್ಲಿ ಅಲೆಯುವ ಕಿತ್ತಳೆಗೆಂಪಿನ ‘ಎಫ್ಟ್’, ಕೊನೆಗೆ ಮತ್ತೆ ನೀರಿಗಿಳಿಯುವ ಹಸಿರುಮೈಯ ಪ್ರಾಯದ ಪ್ರಾಣಿ. ಎಫ್ಟ್ ವಿಷವನ್ನು ನಂಬಿಕೊಂಡು ಮಳೆ ನಿಂತ ಹಗಲಲ್ಲೂ ರಾಜಾರೋಷವಾಗಿ ನಡೆಯುತ್ತದೆ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ರೂಪದರ್ಶಿ ಇಲ್ಲ. ನೆಲಕ್ಕೆ ಮಲಗಿ ಅದರ ದಾರಿಯಲ್ಲಿ ಒಂದು ಮಾರು ಮುಂದೆ ಕಾದಿರಿ, ಅದೇ ಬರುತ್ತದೆ. ಮೊಟ್ಟೆಗಳ ಚಿತ್ರವನ್ನು ಯಾರೂ ತೆಗೆಯುವುದಿಲ್ಲ ಎಂಬುದು ನನ್ನ ಹಳೆಯ ಕೊರಗು. ಹಳದಿ ಚುಕ್ಕಿಯ ಸಲಮಾಂಡರ್‌ನ ಮೊಟ್ಟೆಯ ಗೊಂಚಲೊಳಗೆ ಹಸಿರು ಪಾಚಿ ಬೆಳೆಯುತ್ತದೆ, ಭ್ರೂಣದ ಜೀವಕೋಶಗಳ ಒಳಗೂ ಸೇರಿಕೊಳ್ಳುತ್ತದೆ. ಹಿಂದಿನಿಂದ ಬೆಳಕು ಬಿದ್ದಾಗ ನೀರಿನಲ್ಲಿ ಹಸಿರು ಲಾಂದ್ರಗಳು ತೂಗಿದಂತೆ ಕಾಣುತ್ತವೆ. ಕೆನಡಾದ ಅಲ್ಗಾಂಕ್ವಿನ್ ಉದ್ಯಾನದಲ್ಲಿ ಇದೇ ಜಾತಿಯ ಮರಿಗಳು ಕೀಟಾಹಾರಿ ಹೂಜಿಗಿಡದೊಳಗೆ ಬಿದ್ದು ಆಹಾರವಾಗುವುದನ್ನು ಸಂಶೋಧಕರು 2019ರಲ್ಲಿ ವರದಿ ಮಾಡಿದರು. ಗಿಡವೊಂದು ಬೆನ್ನುಮೂಳೆಯ ಪ್ರಾಣಿಯನ್ನು ತಿನ್ನುವ ಆ ದೃಶ್ಯಕ್ಕೆ ಯಾರನ್ನೂ ಹೆದರಿಸಬೇಕಿಲ್ಲ, ಯಾವುದನ್ನೂ ಎತ್ತಿಡಬೇಕಿಲ್ಲ. ಹೂಜಿಯ ಬಾಯಿಗೆ ಬಗ್ಗಿ ನೋಡುವ ಕುತೂಹಲ ಬೇಕು ಅಷ್ಟೇ.

ಚಿತ್ರದ ಜೊತೆಗಿನ ವಿವರ ಬರೆಯುವಾಗ ಸೋಮಾರಿತನ ಬೇಡ. ಎಲ್ಲ ನ್ಯೂಟ್‌ಗಳೂ ಸಲಮಾಂಡರ್‌ಗಳೇ, ಎಲ್ಲ ಸಲಮಾಂಡರ್‌ಗಳೂ ನ್ಯೂಟ್‌ಗಳಲ್ಲ. ಹಲ್ಲಿಯನ್ನೋ ಹಾವುರಾಣಿಯನ್ನೋ ಕಳುಹಿಸುವವರೂ ಇದ್ದಾರೆ, ಹಾಗಾಗಿ ಇದನ್ನು ಬರೆಯಬೇಕಾಗಿದೆ: ಸಲಮಾಂಡರ್‌ಗೆ ಹುರುಪೆ ಇಲ್ಲ, ಕಿವಿಯ ತೂತು ಇಲ್ಲ, ಮುಂಗಾಲಿನಲ್ಲಿ ಸಾಮಾನ್ಯವಾಗಿ ನಾಲ್ಕೇ ಬೆರಳು. ಹಲ್ಲಿಗೆ ಐದು. ಈ ಬೆರಳೆಣಿಕೆ ಈಗ ಇನ್ನೊಂದು ಕೆಲಸಕ್ಕೂ ಬಂದಿದೆ. ಕೃತಕ ಬುದ್ಧಿಮತ್ತೆಯಿಂದ ತಯಾರಾದ ಚಿತ್ರಗಳು ಸ್ಪರ್ಧೆಗೆ ನುಸುಳತೊಡಗಿವೆ, ಅವುಗಳ ಸಲಮಾಂಡರ್ ಎಷ್ಟೋ ಸಲ ಮುಂಗಾಲಿನಲ್ಲಿ ಐದು ಬೆರಳು, ಬೆರಳ ತುದಿಯಲ್ಲಿ ಉಗುರು ಇಟ್ಟುಕೊಂಡು ಬರುತ್ತದೆ. ಜಾತಿಯ ಹೆಸರನ್ನೂ ಹೊಸದಾಗಿ ನೋಡಿಕೊಳ್ಳಿ. ನೇಪಾಳ ಮತ್ತು ಡಾರ್ಜಿಲಿಂಗ್ ಬೆಟ್ಟಗಳ ನ್ಯೂಟ್ ಬಹುಕಾಲ ಬೇರೊಂದು ಜಾತಿಯ ಹೆಸರಿನಲ್ಲೇ ಇತ್ತು. 2015ರಲ್ಲಿ ಅದನ್ನು ಹಿಮಾಲಯದ ನ್ಯೂಟ್ ಎಂದು ಪ್ರತ್ಯೇಕವಾಗಿ ವಿವರಿಸಿದರು.

ಒಂದು ವಿವರವನ್ನು ಮಾತ್ರ ಬಚ್ಚಿಡಿ: ನಿಖರ ಸ್ಥಳ. ಲಾವೋಸ್‌ನ ಒಂದು ನ್ಯೂಟ್ ಜಾತಿಯನ್ನು 2002ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ಮೇಲೆ, ಆ ಪ್ರಬಂಧವನ್ನೇ ದಾರಿಸೂಚಿಯಾಗಿ ಹಿಡಿದು ಸಂಗ್ರಹಕಾರರು ಅಲ್ಲಿಗೆ ಹೋದರು, ವಿದೇಶಿ ಸಾಕುಪ್ರಾಣಿ ಮಾರುಕಟ್ಟೆಗೆ ಅದು ಬಂದುಬಿಟ್ಟಿತು. ಇರಾನಿನ ಝಾಗ್ರೋಸ್ ಬೆಟ್ಟದ ಕೆಲವೇ ತೊರೆಗಳಲ್ಲಿರುವ ಕೈಸರ್ ನ್ಯೂಟ್‌ನ ಅಂತರರಾಷ್ಟ್ರೀಯ ವ್ಯಾಪಾರವನ್ನು 2010ರಲ್ಲಿ ನಿಷೇಧಿಸಬೇಕಾಯಿತು. ನಿಮ್ಮ ಚಿತ್ರದ ಫೈಲಿನಲ್ಲಿ ಜಿಪಿಎಸ್ ಅಂಕಿಗಳು ಅಡಗಿದ್ದರೆ ಕಳುಹಿಸುವ ಮುನ್ನ ಅಳಿಸಿ. ಸಂಘಟಕರು ಕೇಳಿದರೆ ಬೇರೆಯಾಗಿ ತಿಳಿಸಿದರಾಯಿತು.

ಈಗ ನಿಮ್ಮ ತೊಟ್ಟಿಗೆ ಮರಳೋಣ, ಏಕೆಂದರೆ ನೀವು ಗೆಲ್ಲಬಹುದಾದ ಚಿತ್ರ ಅಲ್ಲೇ ಇದೆ ಎಂದು ನನಗನ್ನಿಸುತ್ತದೆ. ನಿಮ್ಮಲ್ಲಿ ಜೋಡಿ ಇದ್ದರೆ ಸಂಗಮ ಋತುವಿಗೆ ಕಾಯಿರಿ. ಗಂಡಿನ ಬಾಲಕ್ಕೆ ನೀಲಿಯ ಛಾಯೆ ಬರುತ್ತದೆ, ಅದು ಹೆಣ್ಣಿನ ದಾರಿಗೆ ಅಡ್ಡ ನಿಂತು ಬಾಲದ ತುದಿಯನ್ನು ಬೀಸಣಿಗೆಯಂತೆ ಕಂಪಿಸುತ್ತದೆ. ತನ್ನ ಗ್ರಂಥಿಯಿಂದ ಹೊಮ್ಮಿದ ವಾಸನೆಯ ಅಣುವನ್ನು ನೀರಿನಲ್ಲಿ ಹೆಣ್ಣಿನ ಮೂತಿಯ ಕಡೆಗೆ ತಳ್ಳುವ ಕೆಲಸ ಅದು. 1995ರಲ್ಲಿ ಜಪಾನಿನ ವಿಜ್ಞಾನಿಗಳು ಇದೇ ನ್ಯೂಟ್‌ನಲ್ಲಿ ಆ ಅಣುವನ್ನು ಗುರುತಿಸಿ ‘ಸೊಡೆಫ್ರಿನ್’ ಎಂದು ಹೆಸರಿಟ್ಟರು. ತೋಳಿನ ಅಂಚು ಬೀಸಿ ಪ್ರಿಯರನ್ನು ಕರೆಯುವುದಕ್ಕೆ ಜಪಾನಿ ಭಾಷೆಯಲ್ಲಿದ್ದ ಹಳೆಯ ಮಾತಿನಿಂದ ಬಂದ ಹೆಸರು. ಫ್ಲ್ಯಾಶ್ ಬೇಡ; ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು, ಮೆಲುಬೆಳಕಿನಲ್ಲಿ, ಶಟರನ್ನು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ನಿಧಾನಕ್ಕಿಟ್ಟು ನೋಡಿ. ಮೈಯೆಲ್ಲ ನಿಚ್ಚಳ, ಬಾಲದ ತುದಿ ಮಾತ್ರ ನೀಲಿ ಹೊಗೆ. ಮುಂದೆ ಹೆಣ್ಣು ನೀರುಗಿಡದ ಎಲೆಯನ್ನು ಹಿಂಗಾಲಿನಿಂದ ಮಡಿಸಿ ಒಂದೊಂದೇ ಮೊಟ್ಟೆಯನ್ನು ಅದರೊಳಗೆ ಸುತ್ತಿಡುವುದನ್ನೂ ಕಾಣುವಿರಿ. ಆ ಮಡಿಕೆಯನ್ನು ಬಿಚ್ಚಿ ಚಿತ್ರ ತೆಗೆಯಬೇಡಿ, ಮಡಿಸುತ್ತಿರುವ ಕಾಲನ್ನೇ ತೆಗೆಯಿರಿ.

ಹಳೆಯ ಚಿತ್ರವನ್ನು ಅಳಿಸಬೇಡಿ. ಬೆಂಕಿಹೊಟ್ಟೆಯ ಕಪ್ಪು ಮಚ್ಚೆಗಳ ವಿನ್ಯಾಸ ಒಂದೊಂದು ನ್ಯೂಟ್‌ಗೂ ಬೇರೆ, ನಮ್ಮ ಹೆಬ್ಬೆರಳಿನ ಗುರುತಿನಂತೆ. ಗ್ರೇಟ್ ಕ್ರೆಸ್ಟೆಡ್ ನ್ಯೂಟ್‌ಗಳನ್ನು ಸಂಶೋಧಕರು ಹೊಟ್ಟೆಯ ಚಿತ್ರದಿಂದಲೇ ಒಂದೊಂದಾಗಿ ಗುರುತು ಹಿಡಿಯುತ್ತಾರೆ. ಸ್ಪರ್ಧೆಗೆ ಬೇಡದ ನಿಮ್ಮ ಚಿತ್ರ ಆ ನ್ಯೂಟ್‌ನ ಗುರುತಿನ ಚೀಟಿಯಾಗಿ ಇರಲಿ. ಆ ಕೆಂಪು ಹೊಟ್ಟೆಯೇ ನಿಮಗೆ ಬೇಕಿದ್ದರೆ ಅದಕ್ಕೂ ದಾರಿಯಿದೆ. ಸಂಜೆ ಕೋಣೆಯ ದೀಪ ಆರಿಸಿ, ಲೆನ್ಸನ್ನು ತೊಟ್ಟಿಯ ಮುಂಗಾಜಿಗೆ ಹೊಂದಿಸಿ ಕಾದು ಕೂರಿ. ಎಂದಾದರೊಂದು ದಿನ ನ್ಯೂಟ್ ತಾನಾಗಿ ಆ ಗಾಜನ್ನು ಹತ್ತುತ್ತದೆ. ಬೆರಳುಗಳನ್ನು ಅಗಲಿಸಿ, ಕೆಂಪು ಹೊಟ್ಟೆಯನ್ನು ಗಾಜಿಗೆ ಅಂಟಿಸಿ, ಗಂಟಲು ಮಿಡಿಯುತ್ತ ನಿಮ್ಮ ಎದುರೇ ನಿಲ್ಲುತ್ತದೆ. ಬಾಲ ಸಡಿಲವಾಗಿ ಕೆಳಗೆ ಇಳಿಬಿದ್ದಿರುತ್ತದೆ. ಅದನ್ನು ಕಳುಹಿಸಿ.